ಹಾಯಿದೋಣಿಯಲ್ಲಿ ಬಿಸಿನೀರು ಬರುತ್ತಿಲ್ಲವೇ? ಟ್ಯಾಂಕ್ ಬದಲಿಸುವ ಮೊದಲು ಹೋಸ್ ಮುಟ್ಟಿ ನೋಡಿ

ಗಂಟೆಗಟ್ಟಲೆ ಇಂಜಿನ್ ಓಡಿಸಿದರೂ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರೇ ಬರುತ್ತಿದೆ, 20 ಲೀಟರ್ ಟ್ಯಾಂಕ್ ಕಿತ್ತು 40 ಲೀಟರಿನದು ಕೂರಿಸಲೇ ಅಥವಾ ಗ್ಯಾಸ್ ಗೀಸರ್ ಹಾಕಲೇ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದು ನಾನೂ ಒದ್ದಾಡಿದ್ದೇನೆ. ಎರಡೂ ಬೇಡ. 20 ಲೀಟರನ್ನು ಕಾಯಿಸಲಾಗದ ವ್ಯವಸ್ಥೆ 40 ಲೀಟರನ್ನು ಎಲ್ಲಿಂದ ಕಾಯಿಸೀತು?

ದೋಣಿಯ ಕ್ಯಾಲರಿಫೈಯರ್, ಅಂದರೆ ಬಿಸಿನೀರಿನ ಟ್ಯಾಂಕ್, ಒಂದು ದೊಡ್ಡ ಫ್ಲಾಸ್ಕ್ ಇದ್ದಂತೆ. ಅದರೊಳಗೆ ಒಂದು ಸುರುಳಿ ಕೊಳವೆ, ಅಂದರೆ ಕಾಯಿಲ್ ಇರುತ್ತದೆ. ಇಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟ್, 75ರಿಂದ 85 ಡಿಗ್ರಿ ಬಿಸಿಯಲ್ಲಿ ಅದರೊಳಗೆ ಹರಿದು, ಸುತ್ತಲಿನ ನೀರಿಗೆ ಶಾಖ ಕೊಟ್ಟು ಇಂಜಿನ್ನಿಗೆ ಮರಳುತ್ತದೆ. ಜೊತೆಗೆ ಬಂದರಿನ ಕರೆಂಟಿಗೆಂದು 750 ಅಥವಾ 1200 ವಾಟ್‌ನ ಎಲಿಮೆಂಟ್ ಇರುತ್ತದೆ. 20 ಲೀಟರನ್ನು 20ರಿಂದ 60 ಡಿಗ್ರಿಗೆ ಏರಿಸಲು ಸುಮಾರು 0.93 ಯೂನಿಟ್ ಬೇಕು. 750 ವಾಟ್ ಎಲಿಮೆಂಟ್‌ಗೆ ಅದು ಒಂದೂಕಾಲು ಗಂಟೆಯ ಕೆಲಸ. ಇನ್ವರ್ಟರ್ ಹಾಕಿ 12 ವೋಲ್ಟ್ ಬ್ಯಾಟರಿಯಿಂದ ಕಾಯಿಸಲು ಹೋದರೆ 85 ಆಂಪಿಯರ್-ಅವರ್ ಖಾಲಿ, ಅದಕ್ಕೇ ಆ ದಾರಿ ಬಿಡಿ. ಕಾಯಿಲ್‌ನಲ್ಲಿ ಕೂಲಂಟ್ ಸರಿಯಾಗಿ ಹರಿದರೆ ಇಷ್ಟೇ ಶಾಖ ಅರ್ಧ-ಮುಕ್ಕಾಲು ಗಂಟೆಯಲ್ಲಿ ಪುಕ್ಕಟೆಯಾಗಿ ಸಿಗುತ್ತದೆ.

ಸರಿಯಾಗಿ ಹರಿಯದಿರಲು ಮುಖ್ಯ ಕಾರಣ ಗಾಳಿ. ಹತ್ತರಲ್ಲಿ ಎಂಟು ದೋಣಿಗಳಲ್ಲಿ ಇದೇ ಎಂದು ಲೆಕ್ಕ ಕೊಡಲಾರೆ, ಆದರೆ ನಾನು ಮೊದಲು ನೋಡುವುದು ಇದನ್ನೇ. ಇಂಜಿನ್ ಬಿಸಿಯಾದ ಮೇಲೆ ಕಾಯಿಲ್‌ಗೆ ಹೋಗುವ, ಬರುವ ಎರಡೂ ಹೋಸ್‌ಗಳನ್ನು ಜೋಪಾನವಾಗಿ ಮುಟ್ಟಿ. ಎರಡೂ ಸುಡುತ್ತಿದ್ದರೆ ಹರಿವು ಚೆನ್ನಾಗಿದೆ. ಒಂದು ಸುಟ್ಟು ಇನ್ನೊಂದು ತಣ್ಣಗಿದ್ದರೆ ಹೆಚ್ಚಾಗಿ ನಡುವೆ ಗಾಳಿ ಕೂತಿರುತ್ತದೆ. ಇಂಜಿನ್ನಿನ ಪಂಪ್ ಕೂಲಂಟನ್ನು ಸುತ್ತಿಸುತ್ತದೆಯೇ ಹೊರತು ಎತ್ತರದಲ್ಲಿ ಸಿಕ್ಕಿಬಿದ್ದ ಗಾಳಿಯನ್ನು ಕೆಳಕ್ಕೆ ತಳ್ಳುವಷ್ಟು ಒತ್ತಡ ಅದಕ್ಕಿಲ್ಲ. ಟ್ಯಾಂಕನ್ನು ಇಂಜಿನ್ನಿಗೆ ಕೂಲಂಟ್ ತುಂಬುವ ಬಾಯಿಯ, ಅಂದರೆ ಫಿಲ್ಲರ್‌ನ, ಮುಚ್ಚಳಕ್ಕಿಂತ ಮೇಲೆ ಕೂರಿಸಿದ್ದರೆ ಕಾಯಿಲೇ ಅತಿ ಎತ್ತರದ ಜಾಗವಾಗುತ್ತದೆ, ಎಷ್ಟು ಕೂಲಂಟ್ ಸುರಿದರೂ ಅಲ್ಲಿ ಗಾಳಿಯೇ ನಿಲ್ಲುತ್ತದೆ. ಹೋಸ್ ಬಲ್ಕ್‌ಹೆಡ್ (ದೋಣಿಯೊಳಗಿನ ಅಡ್ಡಗೋಡೆ) ಹತ್ತಿ ಇಳಿಯುವ ಕಡೆಯೂ ಇದೇ ಕಥೆ. ದೋಣಿ ವಾಲುವುದನ್ನೂ ಮರೆಯಬೇಡಿ: 20 ಡಿಗ್ರಿ ವಾಲಿದಾಗ, ನಡುಗೆರೆಯಿಂದ ಒಂದು ಮೀಟರ್ ಆಚೆ ಇರುವ ಟ್ಯಾಂಕ್ 34 ಸೆಂಟಿಮೀಟರ್ ಏರುತ್ತದೆ. ಹಾಯಿ ಮತ್ತು ಇಂಜಿನ್ ಒಟ್ಟಿಗೆ ನಡೆಸುವಾಗ ದೋಣಿ ಒಂದು ಮಗ್ಗುಲಿಗೆ ವಾಲಿದರೆ ಮಾತ್ರ ನೀರು ಬಿಸಿಯಾಗುತ್ತದೆ ಎನ್ನುವವರ ದೋಣಿಯಲ್ಲಿ ಇದನ್ನು ನೋಡಿ.

ಟ್ಯಾಂಕ್ ಮೇಲಿದ್ದು ಜಾಗ ಬದಲಿಸಲು ಆಗದಿದ್ದರೆ, ಇಡೀ ಸುತ್ತಿನಲ್ಲೇ ಎತ್ತರದ ಜಾಗಕ್ಕೆ ಪ್ರತ್ಯೇಕ ಹೆಡರ್ ಟ್ಯಾಂಕ್ (ಕೂಲಂಟ್ ತುಂಬುವ ಪುಟ್ಟ ಟ್ಯಾಂಕ್) ಹಾಕಿ, ಪ್ರೆಷರ್ ಮುಚ್ಚಳ ಅದಕ್ಕಿರಲಿ, ಇಂಜಿನ್ ಮೇಲಿನದಕ್ಕೆ ಬಿಗಿ ಮುಚ್ಚಳ ಹಾಕಿ. ಟ್ಯಾಂಕ್ ಕೆಳಗೇ ಇದ್ದರೆ ಗಾಳಿ ತೆಗೆದರೆ ಸಾಕು. ಇಂಜಿನ್ ಪೂರ್ತಿ ತಣ್ಣಗಿರುವಾಗ ಫಿಲ್ಲರ್ ಮುಚ್ಚಳ ತೆಗೆಯಿರಿ. ಮರಳುವ ಹೋಸನ್ನು ಇಂಜಿನ್ ಕಡೆಯಿಂದ ಬಿಡಿಸಿ, ಇಂಜಿನ್ ಮೇಲಿನ ಮೂತಿಗೆ ಬಿರಡೆ ಹಾಕಿ. ಹೋಸಿನ ತುದಿ ಎತ್ತಿ ಹಿಡಿದು, ಲಾಳಿಕೆಯಿಂದ ಅದರೊಳಗೆ ಕೂಲಂಟ್ ನಿಧಾನ ಸುರಿಯಿರಿ. ಫಿಲ್ಲರ್ ಬಾಯಲ್ಲಿ ಗುಳ್ಳೆ ನಿಂತ ಮೇಲೆ ಹೋಸ್ ಮತ್ತೆ ಸಿಕ್ಕಿಸಿ, ಥರ್ಮೋಸ್ಟಾಟ್ (ಇಂಜಿನ್ ಕಾದ ಮೇಲೆ ಕೂಲಂಟಿಗೆ ದಾರಿ ಬಿಡುವ ವಾಲ್ವ್) ತೆರೆಯುವ ತನಕ ಇಂಜಿನ್ ಓಡಿಸಿ, ಆರಲು ಬಿಟ್ಟು ಮಟ್ಟ ತುಂಬಿಸಿ. ಒಳಅಳತೆ 16 ಮಿಲಿಮೀಟರ್ ಇರುವ ಹೋಸ್ ಮೀಟರಿಗೆ 200 ಮಿಲಿಲೀಟರ್ ಹಿಡಿಯುತ್ತದೆ. ಮೊದಲ ಸಲ ಮಟ್ಟ ಇಳಿದರೆ ಗಾಬರಿ ಬೇಡ, ಆದರೆ ತುಂಬಿಸದೆ ಹೊರಟರೆ ಇಂಜಿನ್ನೇ ಕಾದು ಕೆಡುತ್ತದೆ. ಬಿಸಿ ಇಂಜಿನ್ನಿನ ಮುಚ್ಚಳ ಮಾತ್ರ ಎಂದೂ ತೆಗೆಯಬೇಡಿ.

ಗಾಳಿ ಇಲ್ಲದೆಯೂ ಹೋಸ್ ತಣ್ಣಗಿದ್ದರೆ ಜೋಡಣೆ ನೋಡಿ. ಬಿಸಿ ಕೂಲಂಟನ್ನು ಥರ್ಮೋಸ್ಟಾಟ್‌ಗೆ ಮೊದಲು, ಸಿಲಿಂಡರ್ ಹೆಡ್ ಕಡೆಯಿಂದ ತೆಗೆದು, ಪಂಪಿನ ಹೀರುವ ಬದಿಗೆ ಮರಳಿಸಬೇಕು. ಥರ್ಮೋಸ್ಟಾಟ್ ಆದ ಮೇಲೆ ತೆಗೆದರೆ ಅದು ತೆರೆಯುವವರೆಗೆ ಹರಿವೇ ಇರುವುದಿಲ್ಲ. ಸಮುದ್ರದ ನೀರನ್ನೇ ಒಳಗೆ ಸುತ್ತಿಸುವ ಹಳೆಯ ಇಂಜಿನ್ ಆಗಿದ್ದರೆ, ಉಪ್ಪು ಕಟ್ಟದಿರಲೆಂದು ಅದನ್ನು 60 ಡಿಗ್ರಿಯ ಆಸುಪಾಸಿನಲ್ಲೇ ಇಟ್ಟಿರುತ್ತಾರೆ, ಅಲ್ಲಿ ಹೆಚ್ಚು ನಿರೀಕ್ಷಿಸಬೇಡಿ.

ಕುಡಿಯುವ ನೀರಿನ ಕಡೆ ಮೂರು ಭಾಗ ಇರಲೇಬೇಕು. ತಣ್ಣೀರು ಒಳಬರುವಲ್ಲಿ ನಾನ್-ರಿಟರ್ನ್ ವಾಲ್ವ್, ಇಲ್ಲದಿದ್ದರೆ ಬಿಸಿನೀರು ತಣ್ಣೀರಿನ ಪೈಪಿಗೆ ಹಿಂದೆ ನುಗ್ಗುತ್ತದೆ. 60 ಡಿಗ್ರಿಗೆ ಕಾದಾಗ 20 ಲೀಟರ್ ನೀರು ಸುಮಾರು 300 ಮಿಲಿಲೀಟರ್ ಹಿಗ್ಗುತ್ತದೆ, ಅದಕ್ಕೆ ಪುಟ್ಟ ಎಕ್ಸ್‌ಪ್ಯಾನ್ಶನ್ ಟ್ಯಾಂಕ್. ಅದಿಲ್ಲದೆ, ಹೆಚ್ಚಿದ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್ ಪ್ರತಿ ಸಲ ತೊಟ್ಟಿಕ್ಕಿ, ಕೊನೆಗೆ ಪೂರ್ತಿ ಮುಚ್ಚದೆ ಕುಡಿಯುವ ನೀರನ್ನು ಬಿಲ್ಜ್‌ಗೆ, ಅಂದರೆ ದೋಣಿಯ ತಳಕ್ಕೆ, ಸುರಿಸುತ್ತದೆ. ಆ ವಾಲ್ವಿನ ಬಾಯನ್ನು ಕಣ್ಣಿಗೆ ಕಾಣುವ ಬಾಟಲಿಗೆ ಬಿಡಿ. ನಲ್ಲಿಗೆ ಹೋಗುವಲ್ಲಿ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಬೇಕೇ ಬೇಕು, 80 ಡಿಗ್ರಿಯ ನೀರು ಮೈಮೇಲೆ ಬಿದ್ದರೆ ಕ್ಷಣದಲ್ಲಿ ಸುಡುತ್ತದೆ.

ಗ್ಯಾಸ್ ಗೀಸರ್ ಬೇಡ ಎಂದದ್ದಕ್ಕೆ ಕಾರಣ: ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಬಿಲ್ಜ್‌ನಲ್ಲಿ ಕೂರುತ್ತದೆ. ಹೊಗೆಕೊಳವೆ ಸರಿಯಿಲ್ಲದಿದ್ದರೆ ಕ್ಯಾಬಿನ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಇಂಜಿನ್ ಇಲ್ಲದೆಯೂ ಬಿಸಿನೀರು ಬೇಕೆಂದಾದರೆ ಎರಡು ಕಾಯಿಲ್‌ನ ಟ್ಯಾಂಕ್ ತಂದು, ಎರಡನೆಯದಕ್ಕೆ ಡೀಸೆಲ್ ಹೀಟರ್ ಜೋಡಿಸಿ. ಟ್ಯಾಂಕ್ ಬದಲಿಸಲು ಅದೊಂದೇ ಒಳ್ಳೆಯ ಕಾರಣ. ಎಲಿಮೆಂಟಿನ ಸ್ವಿಚ್ ಹಾಕುವ ಮುನ್ನ ಬಿಸಿನೀರಿನ ನಲ್ಲಿ ತೆರೆದು, ಉಗುಳದೆ ಒಂದೇ ಸಮ ನೀರು ಬರುವುದನ್ನು ನೋಡಿಕೊಳ್ಳಿ. ಖಾಲಿ ಟ್ಯಾಂಕಿನಲ್ಲಿ ಅದು ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.