ಕೋಶಪೊರೆಯನ್ನು ಬಗ್ಗಿಸುವ ಪ್ರೋಟೀನಿಗೂ ಬುದ್ಧಿಗೂ ಏನು ನಂಟು?

ಪೊರೆಗೆ ಆಕಾರ ಕೊಡುವ ಪ್ರೋಟೀನುಗಳು ಮಿದುಳಿನ ಬೆಳವಣಿಗೆಯಲ್ಲಿ ಏನು ಮಾಡುತ್ತವೆ, ಎಸ್‌ಆರ್‌ಗ್ಯಾಪ್2 ಎಂಬ ವಂಶವಾಹಿಯೇ ನಮ್ಮನ್ನು ಮನುಷ್ಯರನ್ನಾಗಿಸಿತು ಎಂಬುದು ನಿಜವೇ ಎಂದು ಕೇಳಿದ್ದೀರಿ. ಜೀವವಿಜ್ಞಾನ ಕಲಿಸುವ ನನಗೆ ಎರಡನೆಯ ಪ್ರಶ್ನೆ ತರಗತಿಯಲ್ಲೂ ಎದುರಾಗುತ್ತದೆ.

ಕೋಶಪೊರೆ ಎಂದರೆ ಎರಡು ಪದರದ ತೆಳುವಾದ ಕೊಬ್ಬು. ಬಾರ್ ಗುಂಪಿನ ಪ್ರೋಟೀನುಗಳು ಬಾಳೆಹಣ್ಣಿನಂತೆ ಬಾಗಿದ ಜೋಡಿಗಳಾಗಿ ಅದಕ್ಕೆ ಅಂಟಿಕೊಂಡು ತಮ್ಮ ಬಾಗನ್ನೇ ಪೊರೆಗೂ ಕೊಡುತ್ತವೆ. ಕೆಲವು ಪೊರೆಯನ್ನು ಒಳಕ್ಕೆ ಎಳೆಯುತ್ತವೆ, ಕೆಲವು ಹೊರಕ್ಕೆ ಚಾಚುತ್ತವೆ. ಎಸ್‌ಆರ್‌ಗ್ಯಾಪ್2 ವಂಶವಾಹಿಯಿಂದ ತಯಾರಾಗುವ ಅದೇ ಹೆಸರಿನ ಪ್ರೋಟೀನು ಹೊರಕ್ಕೆ ಚಾಚುವ ಬಗೆಯದು.

ಅದರ ಪರಿಣಾಮ ಕಾಣುವುದು ನರಕೋಶದ ಕೊಂಬೆಗಳ ಮೇಲಿನ ಮುಳ್ಳುಗಳಲ್ಲಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಣ್ಣ ಕತ್ತು, ತುದಿಯಲ್ಲಿ ಉಬ್ಬಿದ ತಲೆ. ಉದ್ದ ಹೆಚ್ಚುಕಡಿಮೆ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇನ್ನೊಂದು ನರಕೋಶದಿಂದ ಬರುವ ಸಂದೇಶ ಇಳಿಯುವುದು ಸಾಮಾನ್ಯವಾಗಿ ಈ ತಲೆಯ ಮೇಲೆಯೇ. ಎಸ್‌ಆರ್‌ಗ್ಯಾಪ್2 ಈ ಮುಳ್ಳುಗಳನ್ನು ಬೇಗ ಬಲಿಯುವಂತೆ ಮಾಡುತ್ತದೆ.

ಸ್ವಾರಸ್ಯ ಇರುವುದು ಮುಂದೆ. ಮನುಷ್ಯರ ವಂಶದಲ್ಲಿ ಈ ವಂಶವಾಹಿ ಹಲವು ಬಾರಿ ನಕಲಾಗಿದೆ. ಚಿಂಪಾಂಜಿಗಳಲ್ಲಿ ಆ ನಕಲುಗಳಿಲ್ಲ. ಸುಮಾರು 24 ಲಕ್ಷ ವರ್ಷಗಳ ಹಿಂದೆ ಹುಟ್ಟಿದ 'ಸಿ' ನಕಲು ಅಪೂರ್ಣವಾದದ್ದು. ಅದರ ಮೊಂಡು ಪ್ರೋಟೀನು ಮೂಲ ಪ್ರೋಟೀನಿನ ಜೊತೆ ಸೇರಿಕೊಂಡು ಅದರ ಕೈ ಕಟ್ಟಿಹಾಕುತ್ತದೆ. 2012ರಲ್ಲಿ ಇದನ್ನು ಇಲಿಗಳ ನರಕೋಶಗಳಿಗೆ ಸೇರಿಸಿ ನೋಡಿದಾಗ ಮುಳ್ಳುಗಳ ಸಂಖ್ಯೆ ಹೆಚ್ಚಿತು, ಕತ್ತು ಉದ್ದವಾಯಿತು, ಬಲಿಯುವುದು ತಡವಾಯಿತು. 2021ರ ಇನ್ನೊಂದು ಅಧ್ಯಯನದಲ್ಲಿ ಈ ನಕಲು ಹೊತ್ತ ಇಲಿಗಳ ಮಿದುಳಿನ ಹೊರಪದರದ ಭಾಗಗಳ ನಡುವಿನ ಸಂಪರ್ಕಗಳು ಹೆಚ್ಚಿದ್ದವು. ಮೀಸೆಯಿಂದ ಮುಟ್ಟಿ ಒರಟು, ನುಣುಪು ಗುರುತಿಸುವ ಪಾಠವನ್ನೂ ಅವು ಹೆಚ್ಚು ಚೆನ್ನಾಗಿ ಕಲಿತವು. ಒಂದು ಪ್ರೋಟೀನು ಸೋತದ್ದರಿಂದ ಲಾಭವಾಯಿತು ಎನ್ನುವುದು ನನಗೆ ಇಂದಿಗೂ ಬೆರಗು. ನಮ್ಮ ಮಕ್ಕಳ ಮಿದುಳು ವರ್ಷಗಟ್ಟಲೆ ಎಳತಾಗಿಯೇ ಇರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹಾಗೆಂದು ಇಂಥ ಪ್ರೋಟೀನು ಕೆಟ್ಟಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಆಲಿಗೋಫ್ರೆನಿನ್-1 ಕೂಡ ಬಾರ್ ಗುಂಪಿನದೇ. ಅದರ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ, ಅದು ಕೆಟ್ಟಾಗ ತೊಂದರೆ ಕಾಣಿಸಿಕೊಳ್ಳುವುದು ಮುಖ್ಯವಾಗಿ ಗಂಡುಮಕ್ಕಳಲ್ಲಿ: ಬೌದ್ಧಿಕ ಬೆಳವಣಿಗೆ ಕುಂಠಿತವಾಗುತ್ತದೆ, ಕಿರುಮಿದುಳು ಚಿಕ್ಕದಾಗಿರುತ್ತದೆ. ಯಾವ ಪ್ರೋಟೀನು, ಯಾವ ಹಂತದಲ್ಲಿ, ಎಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇನ್ನು 'ಮನುಷ್ಯರನ್ನಾಗಿಸಿದ ಜೀನ್' ಎಂಬ ಶೀರ್ಷಿಕೆಗಳನ್ನು ನಾನು ನಂಬುವುದಿಲ್ಲ. ಮನುಷ್ಯರಲ್ಲಷ್ಟೇ ನಕಲಾದ ವಂಶವಾಹಿಗಳು ಇನ್ನೂ ಹಲವಿವೆ. ಮೇಲಾಗಿ 'ಸಿ' ನಕಲು ಈಗ ಅಳಿದುಹೋಗಿರುವ ನಮ್ಮ ಹತ್ತಿರದ ಸಂಬಂಧಿಗಳಾದ ನಿಯಾಂಡರ್ತಾಲರಲ್ಲೂ ಇತ್ತು. ಅವರಿಗೂ ನಮಗೂ ಇರುವ ವ್ಯತ್ಯಾಸವನ್ನು ಅದರ ಲೆಕ್ಕಕ್ಕೆ ಬರೆಯುವಂತಿಲ್ಲ.