ಬಿಳಿಯಾಗಿ ಅರಳಿ ಹಳದಿಯಾಗುವ ಆ ಹೂವು ಯಾವುದು?

ಪ್ರಶ್ನೆ: ನನ್ನ ಬಾಲ್ಯ ಕಳೆದದ್ದು ಚಿತ್ರದುರ್ಗದಲ್ಲಿ. ಬೇಸಿಗೆ ರಜೆಯಲ್ಲಿ ಅಜ್ಜಿಯೊಡನೆ ಜೋಗಿಮಟ್ಟಿಯ ಕಡೆಗೆ ಹೋದಾಗ, ಬಂಡೆಗಳ ಸಂದಿನಲ್ಲಿ ಬೆಳೆದ ಆಳೆತ್ತರದ ಗಿಡವೊಂದು ಸಂಜೆಯ ಹೊತ್ತಿಗೆ ಘಮಘಮಿಸುತ್ತಿತ್ತು. ಐದು ಎಸಳಿನ ಬಿಳಿ ಹೂವು. ತಂದು ನೀರಿನಲ್ಲಿಟ್ಟರೆ ಮರುದಿನ ಹಳದಿಗೆ ತಿರುಗುತ್ತಿತ್ತು. ಮೊಗ್ಗು ಮುಟ್ಟಿದ ಬೆರಳಿಗೆ ಅಂಟು ಹತ್ತುತ್ತಿತ್ತು, ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ಮುಳ್ಳು ಚುಚ್ಚಿದ ನೆನಪಿಲ್ಲ. ಈಗ ದಾವಣಗೆರೆಯಲ್ಲಿದ್ದೇನೆ. ಇಲ್ಲಿನ ಸಸಿ ಮಾರುವವರು ಗಂಧರಾಜ ಕೊಟ್ಟರು; ಪರಿಮಳ ಹತ್ತಿರದ್ದಾದರೂ ಹೂವು ಅದಲ್ಲ. ಕವಳಿಯೋ ಕಾರೆಯೋ ಇರಬಹುದೆಂದು ಕೆಲವರು ಹೇಳುತ್ತಾರೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಗಿಡ ಬಿಕ್ಕೆ. ಸಸ್ಯಶಾಸ್ತ್ರದಲ್ಲಿ ಇದನ್ನು ಗಾರ್ಡೀನಿಯಾ ಗಮ್ಮಿಫೆರಾ ಎನ್ನುತ್ತಾರೆ. ಇದನ್ನು ಇಷ್ಟು ಧೈರ್ಯವಾಗಿ ಹೇಳಲು ಕಾರಣ ನೀವು ವರ್ಣಿಸಿದ ಪರಿಮಳವಲ್ಲ, ನಿಮ್ಮ ಅಜ್ಜಿಯ ಕೊಬ್ಬರಿ ಎಣ್ಣೆ. ಪರಿಮಳದ ನೆನಪು ವರ್ಷ ಕಳೆದಂತೆ ಬೇರೆ ಹೂಗಳ ನೆನಪಿನೊಡನೆ ಬೆರೆತುಹೋಗುತ್ತದೆ. ಬೆರಳಿಗೆ ಹತ್ತಿದ ಅಂಟಿನ ನೆನಪು ಹಾಗಲ್ಲ. ಬಿಕ್ಕೆಯ ಮೊಗ್ಗಿನ ಮತ್ತು ಎಳೆ ಚಿಗುರಿನ ತುದಿಯಲ್ಲಿ ಹಳದಿ ಬಣ್ಣದ ರಾಳ ಹನಿಯಾಗಿ ಹೊಳೆಯುತ್ತಿರುತ್ತದೆ. ಅದು ನೀರಿಗೆ ಕರಗುವ ಗೋಂದಷ್ಟೇ ಆಗಿದ್ದರೆ ಕೈ ತೊಳೆದರೆ ಸಾಕಿತ್ತು. ರಾಳವಾದ್ದರಿಂದಲೇ ಅಜ್ಜಿ ಎಣ್ಣೆ ಹುಡುಕಿದರು. ಗ್ರಂಥಿಗೆ ಅಂಗಡಿಗಳಲ್ಲಿ ಡಿಕ್ಕಾಮಲ್ಲಿ ಎಂದು ಮಾರುವುದು ಇಂಥದೇ ರಾಳವನ್ನು. ಅದರ ವಾಸನೆ ಹೂವಿನ ಘಮಕ್ಕೆ ತೀರಾ ವಿರುದ್ಧವಾಗಿ ಮೂಗಿಗೆ ಅಡರುವಂಥದು, ಸಂಸ್ಕೃತದಲ್ಲಿ ಅದಕ್ಕೆ ನಾಡೀಹಿಂಗು ಎಂಬ ಹೆಸರೇ ಇದೆ.

ಕವಳಿಯನ್ನು ಸುಲಭವಾಗಿ ಬಿಟ್ಟುಬಿಡಬಹುದು: ಅದರ ಹೂವೂ ಬಿಳಿ, ಪರಿಮಳವೂ ಉಂಟು, ಆದರೆ ಗಟ್ಟಿ ಮುಳ್ಳಿದೆ, ಎಲೆ ಮುರಿದರೆ ಹಾಲು ಒಸರುತ್ತದೆ. ಕಾರೆಯ ವಿಚಾರದಲ್ಲಿ ಮಾತ್ರ ನಿಮಗೆ ಹೇಳಿದವರನ್ನು ತಪ್ಪೆನ್ನಲಾಗದು, ಏಕೆಂದರೆ ಕಾರೆಯ ಹೂವು ಕೂಡ ಬಿಳಿಯಾಗಿ ಅರಳಿ ಹಳದಿಯಾಗುತ್ತದೆ, ಘಮವೂ ಇದೆ, ಮತ್ತು ಬಿಕ್ಕೆ, ಕಾರೆ ಎರಡೂ ಕಾಫಿಯ ಕುಟುಂಬಕ್ಕೇ ಸೇರಿದವು. ಆದರೆ ಕಾರೆಯ ಪೊದೆಗೆ ಕೈಯಿಟ್ಟ ಮಗು ಅದರ ಉದ್ದನೆಯ ನೇರ ಮುಳ್ಳನ್ನು ಮರೆಯುವುದು ಸಾಧ್ಯವಿಲ್ಲ, ಅದರ ಮೊಗ್ಗಿನಲ್ಲಿ ರಾಳವೂ ಇರುವುದಿಲ್ಲ.

ಗಂಧರಾಜದ ಪರಿಮಳ ಹತ್ತಿರವೆನಿಸಿದ್ದು ಸಹಜ. ಅದೂ ಗಾರ್ಡೀನಿಯಾವೇ, ಚೀನಾ ಕಡೆಯಿಂದ ತೋಟಗಳಿಗೆ ಬಂದ ಬಂಧು; ತೋಟದಲ್ಲಿ ಸಾಮಾನ್ಯವಾಗಿ ಕಾಣುವುದು ಅದರ ಸುತ್ತುಸುತ್ತಾಗಿ ಎಸಳುಗಳಿರುವ ತಳಿ. ನಮ್ಮ ಬಿಕ್ಕೆಗೆ ಒಂದೇ ಸುತ್ತು, ಕೆಳಗೆ ತೆಳುವಾದ ಕೊಳವೆ. (ಹಾರಕ್ಕೆ ಬಳಸುವ ಸುಗಂಧರಾಜ ಇವೆರಡಕ್ಕೂ ಸಂಬಂಧವಿಲ್ಲದ ಗೆಡ್ಡೆಗಿಡ.)

ಬಿಕ್ಕೆಗೆ ಹತ್ತಿರದ ಬಂಧುಗಳು ನಮ್ಮ ಕುರುಚಲು ಕಾಡಿನಲ್ಲಿಯೇ ಇರುವುದರಿಂದ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಗಮ್ಮಿಫೆರಾದ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಎಲೆಗಳು ಎದುರುಬದುರಾಗಿ ರೆಂಬೆಗೆ ಕಚ್ಚಿಕೊಂಡಿರುತ್ತವೆ. ರಾಳವಿರುವ ಇನ್ನೊಂದು ಬಗೆಯಲ್ಲಿ ತೊಟ್ಟು ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡೆಲೆಯ ಮತ್ತೊಂದು ಗಾರ್ಡೀನಿಯಾದ ಹೂವಿಗೆ ಐದಕ್ಕಿಂತ ಹೆಚ್ಚು ಎಸಳುಗಳಿರುವುದರಿಂದ ನಿಮ್ಮ ವರ್ಣನೆಗೆ ಅದು ಹೊಂದುವುದಿಲ್ಲ.

ಬರುವ ಏಪ್ರಿಲಿನಲ್ಲಿ, ಮುಂಗಾರಿಗೆ ಮುಂಚೆ, ಜೋಗಿಮಟ್ಟಿಗೆ ಹೋಗಿ ದಾರಿಬದಿಯ ಕಲ್ಲುನೆಲದಲ್ಲಿ ಹುಡುಕಿ. ಅದು ರಕ್ಷಿತ ಅರಣ್ಯ, ಗಿಡವನ್ನಾಗಲಿ ಕಾಯನ್ನಾಗಲಿ ತರುವಂತಿಲ್ಲ. ಮೊಗ್ಗನ್ನು ಮುರಿಯಬೇಡಿ, ರಾಳಕ್ಕಾಗಿ ಚಿಗುರು ಮೊಗ್ಗುಗಳನ್ನು ಕೀಳುವ ಕಡೆ ಆ ವರ್ಷ ಹೂವೂ ಇಲ್ಲ, ಕಾಯೂ ಇಲ್ಲ. ಒಂದೇ ಒಂದು ಮೊಗ್ಗಿನ ತುದಿಗೆ ಬೆರಳು ತಾಗಿಸಿ ನೋಡಿ. ಜೊತೆಯಲ್ಲಿ ಸ್ವಲ್ಪ ಕೊಬ್ಬರಿ ಎಣ್ಣೆ ಇರಲಿ.