ಹೂಸ್ಟ್ ನಾಲ್ಕನೇ ಸಲ ಗೆದ್ದದ್ದು ಬರೀ ಅದೃಷ್ಟವಾ?

ಕಿಕ್‌ಬಾಕ್ಸರ್ ಎರ್ನೆಸ್ಟೋ ಹೂಸ್ಟ್ 2002ರ ಕೆ-1 ಗ್ರ್ಯಾಂಡ್ ಪ್ರಿ ಎಂಬ ಕಿಕ್‌ಬಾಕ್ಸಿಂಗ್ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲೇ ಸೋತಿದ್ದರು, ಹಾಗಿದ್ದ ಮೇಲೆ ಆ ಪಟ್ಟ ಅದೃಷ್ಟದಿಂದ ಬಂದದ್ದಲ್ವಾ ಎಂದು ಕೇಳಿದ್ದೀರಿ.

ಸೋತಿದ್ದು ನಿಜ. ಟೋಕಿಯೊ ಡೋಮ್‌ನಲ್ಲಿ ಬಾಬ್ ಸ್ಯಾಪ್ ಎಂಬ ಎದುರಾಳಿ ಹೂಸ್ಟ್ ಅವರನ್ನು ಬಡಿದು ಹಾಕಿದರು. ಆ ವರ್ಷ ಅದು ಎರಡನೇ ಸಲ. ಸ್ಯಾಪ್ ತೂಕ ಹೂಸ್ಟ್‌ಗಿಂತ ತುಂಬಾ ಜಾಸ್ತಿ! ಆದರೆ ಗೆದ್ದ ಸ್ಯಾಪ್ ಕೈಗೆ ಗಾಯವಾಗಿ ಮುಂದೆ ಆಡೋಕಾಗಲಿಲ್ಲ, ಆ ಜಾಗಕ್ಕೆ ಹೂಸ್ಟ್ ವಾಪಸ್ ಬಂದರು. ಅಲ್ಲಿವರೆಗೆ ಅದೃಷ್ಟ ಅನ್ನಿ, ಒಪ್ಪುತ್ತೇನೆ.

ಆಮೇಲೆ ನಡೆದದ್ದು ನೋಡಿ. ವಯಸ್ಸು 37. ಅದೇ ರಾತ್ರಿ ಏಟು ತಿಂದ ಮೈ. ಸೆಮಿಫೈನಲ್‌ನಲ್ಲಿ ಎದುರಾಳಿ ರೇ ಸೆಫೊ ಕಾಲಿಗೆ ಪೆಟ್ಟಾಗಿ ಮೊದಲ ರೌಂಡ್‌ನಲ್ಲೇ ಹೊರಗೆ. ಫೈನಲ್‌ನಲ್ಲಿ ಜೆರೋಮ್ ಲೆ ಬ್ಯಾನರ್. ಅವರ ಎಡಗೈ ಮೇಲೇ ಹೂಸ್ಟ್ ಮತ್ತೆ ಮತ್ತೆ ಒದ್ದರು. ಮೂರನೇ ರೌಂಡ್‌ಗೆ ಆ ಕೈ ಮುರಿದಿತ್ತು. ಇದನ್ನು ಅದೃಷ್ಟ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಹೂಸ್ಟ್ ಬಲ ಇದ್ದದ್ದು ಒದೆಯನ್ನು ಅಡಗಿಸಿಡುವುದರಲ್ಲಿ. ಮುಖಕ್ಕೆ ಒಂದು ಜ್ಯಾಬ್ (ಮುಂದಿನ ಕೈಯ ನೇರ ಗುದ್ದು), ಹಿಂದೆಯೇ ಬಲಗೈ, ಆಮೇಲೆ ಪಕ್ಕೆಗೆ ಎಡ ಹುಕ್ (ಬದಿಯಿಂದ ಬಾಗಿ ಬರುವ ಗುದ್ದು). ಎದುರಾಳಿ ಮೊಣಕೈ ಇಳಿಸಿ ಪಕ್ಕೆ ಕಾಯುತ್ತಾನೆ, ಮೈಭಾರ ಮುಂದಿನ ಕಾಲಿಗೆ ಬೀಳುತ್ತದೆ. ಭಾರ ಬಿದ್ದ ಕಾಲನ್ನು ಎತ್ತಿ ತಡೆಯೋಕಾಗಲ್ಲ. ಸರಿಯಾಗಿ ಆಗಲೇ ತೊಡೆಗೆ ಲೋ ಕಿಕ್. ಇಂಥ ನಾಲ್ಕೈದು ಬಿದ್ದರೆ ಕಾಲು ಮರಗಟ್ಟುತ್ತದೆ, ಆಮೇಲೆ ಗುದ್ದಿಗೂ ಜೋರಿರುವುದಿಲ್ಲ. ಹೆವಿವೇಟ್‌ನಲ್ಲಿ ಎಲ್ಲರ ಕಣ್ಣೂ ಒಂದೇ ಗುದ್ದಿನ ನಾಕೌಟ್ ಮೇಲೆ ಇರುತ್ತದೆ. ಈ ಡಚ್ ಆಟಗಾರನನ್ನು ‘ಮಿಸ್ಟರ್ ಪರ್ಫೆಕ್ಟ್’ ಎಂದು ಕರೆದದ್ದು ಮಾತ್ರ ಇಂಥ ಲೆಕ್ಕಾಚಾರಕ್ಕೆ.

1993ರ ಮೊದಲ ಗ್ರ್ಯಾಂಡ್ ಪ್ರಿ ಫೈನಲ್‌ನಲ್ಲೂ ಹೂಸ್ಟ್ ಇದ್ದರು. 38 ವರ್ಷದ ಬ್ರಾಂಕೊ ಸಿಕಾಟಿಚ್ ಕೈಲಿ ನಾಕೌಟ್ ಆದರು. ಪಟ್ಟ ಸಿಕ್ಕಿದ್ದು 1997ರಲ್ಲಿ, ಆಂಡಿ ಹುಗ್ ವಿರುದ್ಧ. ನಂತರ 1999, 2000. ಸೆಮ್ಮಿ ಶಿಲ್ಟ್ ಎಂಬ ಕಿಕ್‌ಬಾಕ್ಸರ್ ಕೂಡ ನಾಲ್ಕು ಸಲ ಗೆದ್ದಿದ್ದಾರೆ, ಆದರೆ ಎರಡು ಮೀಟರ್ ಮೀರಿದ ಆ ಎತ್ತರ ಹೂಸ್ಟ್‌ಗೆ ಇರಲಿಲ್ಲ. ನನ್ನ ಮಟ್ಟಿಗೆ ಹೂಸ್ಟ್ ಅವರೇ ಒಂದು ಕೈ ಮೇಲು.

ವಿಡಿಯೊ ನೋಡುವುದಿದ್ದರೆ 2002ಕ್ಕಿಂತ ಮೊದಲು 1999ರ ಫೈನಲ್ ನೋಡಿ. ಅಲ್ಲಿ ಮಿರ್ಕೊ ಕ್ರೊ ಕಾಪ್ ಕುಸಿದದ್ದು ಒದೆಗಲ್ಲ, ಪಕ್ಕೆಗೆ ಬಿದ್ದ ಆ ಎಡ ಹುಕ್‌ಗೆ.